ಯುನಿಟ್ ಕಾಲಪಟ್ಟಿ: ಬ್ರಿಗೇಡಿಯರರ ನಿವೃತ್ತಿಯವರೆಗೆ ಬಂದ ಕೆಲಸ

'ಡಾಕ್ಟರ್ ಹೂ' ಎಂಬ ಬ್ರಿಟಿಷ್ ಟಿವಿ ಸರಣಿಯ ಯುನಿಟ್ ಕಥೆಗಳು ಯಾವ ಯಾವ ವರ್ಷದಲ್ಲಿ ನಡೆಯುತ್ತವೆ ಎಂಬುದನ್ನು ಒಂದೇ ಪಟ್ಟಿಯಲ್ಲಿ ಕೂರಿಸುವ ನನ್ನ ಕೆಲಸ ಈಗ ಅರ್ಧಕ್ಕಿಂತ ಹೆಚ್ಚು ಮುಗಿದಿದೆ. 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಆರಂಭವಾದ ಈ ಸರಣಿಯಲ್ಲಿ, ಅನ್ಯಗ್ರಹದವರಿಂದ ಬರುವ ಅಪಾಯವನ್ನು ಎದುರಿಸುವ ಸೇನಾಪಡೆಯೇ ಯುನಿಟ್; ಬ್ರಿಟನ್ನಿನಲ್ಲಿ ಅದರ ಮುಖ್ಯಸ್ಥರು ಬ್ರಿಗೇಡಿಯರ್ ಲೆತ್‌ಬ್ರಿಜ್-ಸ್ಟೂವರ್ಟ್. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಡಾಕ್ಟರನ ವಯಸ್ಸಿನ ಲೆಕ್ಕ ತಪ್ಪಿದರೂ ಕಥೆಗೆ ಧಕ್ಕೆಯಿಲ್ಲ. ಬ್ರಿಗೇಡಿಯರರು ಹಾಗಲ್ಲ, ನಮ್ಮಂತೆಯೇ ವರ್ಷದ ಮೇಲೆ ವರ್ಷ ಕಳೆದು ನಿವೃತ್ತರಾಗುವವರು. ಅವರ ವರ್ಷಗಳು ತಾಳೆಯಾಗಬೇಕು ಎಂಬುದೇ ಈ ಪಟ್ಟಿಯ ಹಟ.

ಪುಣೆಯ ಅಪ್ಪಾ ಬಳವಂತ ಚೌಕದಿಂದ ತಂದ ಡ್ರಾಯಿಂಗ್ ಶೀಟುಗಳನ್ನು ಉದ್ದಕ್ಕೆ ಅಂಟಿಸಿ, 1935ರಿಂದ 1989ರವರೆಗೆ ಗೆರೆ ಎಳೆದಿದ್ದೇನೆ. ಶಾಸನಗಳ ಕಾಲ ನಿರ್ಣಯಿಸುವವರು ಶಕವರ್ಷ, ಸಂವತ್ಸರ, ತಿಥಿ, ವಾರ ಇವೆಲ್ಲ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿ, ಹೊಂದದಿದ್ದಾಗ ಶಾಸನ ಮೂಲದ್ದೋ ಆಮೇಲೆ ಮಾಡಿದ ಪ್ರತಿಯೋ ಎಂದು ವಿಚಾರಿಸುವಂತೆ, ಇಲ್ಲಿಯೂ ಪ್ರತಿ ಉಲ್ಲೇಖಕ್ಕೆ ಅದು ಯಾರ ಬಾಯಿಂದ, ಯಾವ ಸಂದರ್ಭದಲ್ಲಿ ಬಂತು ಎಂಬುದನ್ನು ಪಕ್ಕದಲ್ಲಿ ಬರೆಯುತ್ತಿದ್ದೇನೆ.

ಹಳೆಯ ಸಾಕ್ಷ್ಯಗಳಿಗೆ ನೀಲಿ ಶಾಯಿ ಹಾಕಿ ಮುಗಿದಿದೆ. 1967ರ 'ದಿ ಅಬಾಮಿನಬಲ್ ಸ್ನೋಮೆನ್' ಕಥೆ 1935ರ ಟಿಬೆಟ್ಟಿನಲ್ಲಿ ನಡೆಯುತ್ತದೆ. ಅಲ್ಲಿ ಕಂಡ ಟ್ರಾವರ್ಸ್, ಲಂಡನ್ನಿನ ಸುರಂಗ ರೈಲಿನಲ್ಲಿ ನಡೆಯುವ 1968ರ 'ದಿ ವೆಬ್ ಆಫ್ ಫಿಯರ್' ಹೊತ್ತಿಗೆ ಮುದುಕನಾಗಿದ್ದಾನೆ. ನಡುವೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ ಎಂದು ಕಥೆಯೇ ಹೇಳುತ್ತದೆ. ಅದೇ ವರ್ಷದ 'ದಿ ಇನ್ವೇಷನ್' ಕಥೆಯಲ್ಲಿ ಬ್ರಿಗೇಡಿಯರರು ಆ ಸುರಂಗದ ಘಟನೆಯಾಗಿ ನಾಲ್ಕು ವರ್ಷವಾಯಿತೆನ್ನುತ್ತಾರೆ. ಕೂಡಿಸಿದರೆ 1979ಕ್ಕೆ ಬರುತ್ತೇವೆ. 1975ರ 'ಪಿರಮಿಡ್ಸ್ ಆಫ್ ಮಾರ್ಸ್' ಕಥೆಯಲ್ಲಿ ಡಾಕ್ಟರನ ಸಂಗಾತಿ ಸಾರಾ ಜೇನ್ ತಾನು 1980ರವಳೆಂದು ಸ್ಪಷ್ಟವಾಗಿ ಹೇಳುತ್ತಾಳೆ. ಅದೇ ವರ್ಷದ 'ಟೆರರ್ ಆಫ್ ದಿ ಜೈಗಾನ್ಸ್' ಕಥೆಯಲ್ಲಿ ಬ್ರಿಗೇಡಿಯರರು ಫೋನಿನಲ್ಲಿ ಪ್ರಧಾನಿಯನ್ನು 'ಮೇಡಮ್' ಎಂದು ಸಂಬೋಧಿಸುತ್ತಾರೆ. ಬ್ರಿಟನ್ನಿಗೆ ಮಹಿಳೆಯೊಬ್ಬರು ಪ್ರಧಾನಿಯಾದದ್ದು 1979ರ ಮೇ ತಿಂಗಳಲ್ಲಿ. ಬೇರೆ ಬೇರೆ ಲೇಖಕರು ಬರೆದ ಕಥೆಗಳು ಹೀಗೆ ಒಂದೇ ಕಡೆಗೆ ಬೆರಳು ತೋರಿಸುವುದನ್ನು ನಾನು ಕಾಕತಾಳೀಯವೆಂದು ತಳ್ಳಿಹಾಕಲಾರೆ. ಕಥೆಗಳನ್ನು ಸಮೀಪ ಭವಿಷ್ಯದಲ್ಲಿ ಇರಿಸಬೇಕೆಂಬ ತಿಳಿವಳಿಕೆ ಅವರೆಲ್ಲರ ಬೆನ್ನಿಗಿತ್ತೆಂದೇ ನನ್ನ ನಂಬಿಕೆ.

ಈ ಸಲ ಹೆಚ್ಚು ಹೊತ್ತು ತೆಗೆದುಕೊಂಡದ್ದು 1975ರ ಕೊನೆಯಲ್ಲಿ ಪ್ರಸಾರವಾದ 'ದಿ ಆಂಡ್ರಾಯ್ಡ್ ಇನ್ವೇಷನ್'. ಅದರಲ್ಲಿ ಹಳ್ಳಿಯ ಮದ್ಯದಂಗಡಿಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುತ್ತದೆ. ಹಾಳೆ ತಿರುವಿದರೆ ಪ್ರತಿಯೊಂದರಲ್ಲೂ ಅದೇ ದಿನ: ಶುಕ್ರವಾರ, ಜುಲೈ 6. ವರ್ಷ ನಮೂದಾಗಿಲ್ಲ, ಆದರೆ ವಾರವಿದೆ. ಲೆಕ್ಕ ಹಾಕಿದಾಗ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಆ ತಾರೀಖು ಶುಕ್ರವಾರ ಬೀಳುವುದು 1973, 1979 ಮತ್ತು 1984ರಲ್ಲಿ. ನೀಲಿ ಗೆರೆಯ ಮೇಲೆ 1979 ಸರಿಯಾಗಿ ಬಂದು ಕೂತಾಗ ಆದ ಸಂತೋಷವನ್ನು ಬರೆಯದೆ ಇರಲಾರೆ. ಹಾಗಿದ್ದೂ ಇದಕ್ಕೆ ಪೆನ್ಸಿಲ್ಲಿನ ಗುರುತಷ್ಟೇ ಹಾಕಿದ್ದೇನೆ. ಆ ಹಳ್ಳಿ ನಿಜವಾದ ಹಳ್ಳಿಯಲ್ಲ, ಕ್ರಾಲ್ ಎಂಬ ಜೀವಿಗಳು ತಮ್ಮ ಗ್ರಹದಲ್ಲಿ ಕಟ್ಟಿಕೊಂಡ ನಕಲು. ನಕಲಿನ ಗೋಡೆಯ ಮೇಲಿನ ತಾರೀಖು ಕಥೆ ನಡೆಯುವ ವರ್ಷದ್ದೇ ಆಗಿರಬೇಕೆಂಬ ನಿಯಮವಿಲ್ಲ.

ನೀಲಿ ಗೆರೆಯಲ್ಲೂ ಒಂದು ಇಕ್ಕಟ್ಟಿದೆ. 'ದಿ ಇನ್ವೇಷನ್' 1979ರದ್ದಾಗಿ ಸಾರಾ 1980ರವಳಾದರೆ, ನಟ ಜಾನ್ ಪರ್ಟ್ವಿ ಡಾಕ್ಟರನ ಪಾತ್ರದಲ್ಲಿದ್ದ 1970ರಿಂದ 1974ರವರೆಗಿನ ಕಥೆಗಳೆಲ್ಲವೂ ಒಂದೆರಡು ವರ್ಷದೊಳಗೆ ನುಗ್ಗಬೇಕಾಗುತ್ತದೆ. ಆದ್ದರಿಂದ ಒಂದೊಂದು ಕಥೆಗೂ ಒಂದು ಚುಕ್ಕೆ ಇಡುವುದನ್ನು ಬಿಟ್ಟು, ಸಾಧ್ಯವಾದ ವರ್ಷಗಳಷ್ಟು ಅಗಲದ ಪಟ್ಟಿ ಬಳಿಯುತ್ತಿದ್ದೇನೆ.

ಇನ್ನು ಕೆಂಪು ಶಾಯಿಯ ಕಥೆ. 1983ರ 'ಮಾಡ್ರಿನ್ ಅನ್‌ಡೆಡ್' ಪ್ರಕಾರ ಬ್ರಿಗೇಡಿಯರರು 1976ರಲ್ಲೇ ನಿವೃತ್ತರಾಗಿ, 1977ರಲ್ಲಿ ರಾಣಿಯ ರಜತ ಮಹೋತ್ಸವದ ಹೊತ್ತಿಗೆ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿರುತ್ತಾರೆ. ಇದನ್ನು ಒಪ್ಪಿದರೆ ನೀಲಿ ಗೆರೆಯೆಲ್ಲ ಕುಸಿಯುತ್ತದೆ. ಡೊಂಬಿವಲಿಯಿಂದ ಬಂದಿದ್ದ ಅಕ್ಕನ ಮಗ ಈ ಕಥೆಯನ್ನು ನನ್ನೊಂದಿಗೆ ಕೂತು ನೋಡಿ, "ಮಾಮಾ, ಆ ಬ್ರಿಗೇಡಿಯರಗ ನೆನಪ ಹಾರಿ ಹೋಗಿತ್ತಂತ ಅವರ ತೋರಿಸ್ಯಾರಲ್ಲ, ಅಂವಾ ಹೇಳಿದ ವರ್ಷ ಹೆಂಗ ನಂಬೂದು?" ಎಂದು ಕೇಳಿದ. ಪ್ರಶ್ನೆ ತೂಕದ್ದು. ಕಾಲಪ್ರಯಾಣದಿಂದಾಗಿ ಎದುರುಬದುರಾದ 1977ರ ಮತ್ತು 1983ರ ಬ್ರಿಗೇಡಿಯರರು ಪರಸ್ಪರ ಮುಟ್ಟಿದ ಆಘಾತದಿಂದಲೇ ಹಿಂದಿನವರ ನೆನಪು ಅಳಿದಿರುತ್ತದೆ. ಆದರೆ ಆಘಾತಕ್ಕೆ ಮೊದಲೇ ಅವರು ಆ ಶಾಲೆಯಲ್ಲಿರುವುದನ್ನು ನಾವು ಕಣ್ಣಾರೆ ಕಾಣುತ್ತೇವೆ, ರಜತ ಮಹೋತ್ಸವವೂ ಕಥೆಯ ಹೊರಗಿನ ನಿಜ ಘಟನೆ. ಹೀಗಾಗಿ 1976 ಎಂಬ ಅಂಕಿಯನ್ನು ಸಡಿಲಿಸಬಹುದು, 1977ಕ್ಕೆ ಮೊದಲು ನಿವೃತ್ತಿ ಎಂಬುದನ್ನು ಸಡಿಲಿಸಲಾಗದು.

ಬಿರುಕಿನ ಮೂಲ ಕಥೆಯೊಳಗಿಲ್ಲ, ತಯಾರಿಕೆಯಲ್ಲಿದೆ ಎಂಬುದು ನನ್ನ ತೀರ್ಮಾನ. ಆ ಮೇಷ್ಟರ ಪಾತ್ರವನ್ನು ಮೊದಲು ಉದ್ದೇಶಿಸಿದ್ದು ಡಾಕ್ಟರನ ಆರಂಭದ ಸಂಗಾತಿ, ವೃತ್ತಿಯಿಂದಲೇ ಶಿಕ್ಷಕನಾದ ಇಯಾನ್ ಚೆಸ್ಟರ್ಟನ್‌ಗಾಗಿ. ಅವನು 1965ರ ಲಂಡನ್ನಿಗೆ ಮರಳಿದ್ದವನು. 1977ರಲ್ಲಿ ಪಾಠ ಹೇಳುತ್ತಿದ್ದರೆ ಯಾವ ಲೆಕ್ಕವೂ ಕೆಡುತ್ತಿರಲಿಲ್ಲ. ನಟ ವಿಲಿಯಂ ರಸೆಲ್ ಸಿಗದೆ ಬ್ರಿಗೇಡಿಯರರು ಅಲ್ಲಿಗೆ ಬಂದರು. ಬೇರೊಬ್ಬನಿಗೆ ಹೊಲಿದ ಈ ವರ್ಷಕ್ಕೆ ಹಳೆಯ ಸಾಕ್ಷ್ಯಗಳನ್ನೆಲ್ಲ ಎಳೆದು ಹೊಂದಿಸುವುದು ನನಗೆ ನ್ಯಾಯವೆನಿಸುವುದಿಲ್ಲ. ಕೆಂಪು ಗೆರೆ ನೀಲಿಯ ಕೆಳಗೆ ಪ್ರತ್ಯೇಕವಾಗಿಯೇ ಓಡುತ್ತದೆ.

2013ರ 'ದಿ ಡೇ ಆಫ್ ದಿ ಡಾಕ್ಟರ್' ಕಥೆಯಲ್ಲಿ ಬ್ರಿಗೇಡಿಯರರ ಮಗಳು ಕೇಟ್ ಹಳೆಯ ಕಡತವೊಂದನ್ನು ಕೇಳುವಾಗ, ಅದು ಎಪ್ಪತ್ತರ ದಶಕದ್ದೋ ಎಂಬತ್ತರದ್ದೋ ಎಂಬುದು ತಾರೀಖು ಹಾಕುವ ಪದ್ಧತಿಯನ್ನು ಅವಲಂಬಿಸಿದೆ ಎನ್ನುತ್ತಾಳೆ. ನಮ್ಮಂಥವರ ಚರ್ಚೆಯನ್ನು ಸರಣಿಯೇ ಗೌರವದಿಂದ ಒಳಗೆ ಕರೆದುಕೊಂಡ ಆ ಮಾತನ್ನು ಎರಡೂ ಗೆರೆಗಳ ನಡುವೆ ಬರೆದಿದ್ದೇನೆ.

ಮುಂದಿನ ಸರದಿ 1971ರ 'ದಿ ಡೀಮನ್ಸ್' ಕಥೆಯದು. ಅದರಲ್ಲಿ ಬಿಬಿಸಿ ಮೂರು ಎಂಬ, ಆಗ ಇಲ್ಲದಿದ್ದ ವಾಹಿನಿ ಕಾಣಿಸುತ್ತದೆ. ಜೊತೆಗೆ 'ದಿ ವೆಬ್ ಆಫ್ ಫಿಯರ್' ಕಥೆಯ ಮೂರನೆಯ ಕಂತಿನ ಚಿತ್ರ ಇನ್ನೂ ಸಿಕ್ಕಿಲ್ಲವಾದ್ದರಿಂದ, ಉಳಿದಿರುವ ಧ್ವನಿಯನ್ನು ಕೇಳಿ ಅದರ ಸಂಭಾಷಣೆಯನ್ನು ಬರೆದುಕೊಳ್ಳುವ ಕೆಲಸವನ್ನು ಅಕ್ಕನ ಮಗ ವಹಿಸಿಕೊಂಡಿದ್ದಾನೆ.