ಇನ್ನೊಬ್ಬರ ಗಾಯದಿಂದ ತೆರೆದ ಬಾಗಿಲು

ಅಮೆರಿಕನ್ ಫುಟ್‌ಬಾಲ್‌ನ ನಿಯಮಗಳೇ ಗೊತ್ತಿಲ್ಲದವರೂ ಕರ್ಟ್ ವಾರ್ನರ್ ಅವರ ಕಥೆಯ ಒಂದು ತುಣುಕನ್ನು ಕೇಳಿರುವ ಸಾಧ್ಯತೆಯಿದೆ. ಅಯೋವಾ ರಾಜ್ಯದ ಸೀಡರ್ ಫಾಲ್ಸ್‌ನ ಹೈ-ವೀ ಮಳಿಗೆಯಲ್ಲಿ ಗಂಟೆಗೆ 5.50 ಡಾಲರ್ ಸಂಬಳಕ್ಕೆ ರಾತ್ರಿ ಪಾಳಿಯಲ್ಲಿ ಕಪಾಟುಗಳಿಗೆ ದಿನಸಿ ಜೋಡಿಸುತ್ತಿದ್ದ ಯುವಕ ಮುಂದೆ ಆ ಆಟದ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ಎಂಬುದೇ ಆ ತುಣುಕು. ನಾನೂ ಇದನ್ನು ಹಲವು ಬಾರಿ ಹಲವರಿಗೆ ಹೇಳಿದ್ದೇನೆ, ಹೇಳಿದಾಗಲೆಲ್ಲ ನಡುವಿನ ಐದು ವರ್ಷಗಳನ್ನು ನುಂಗಿಬಿಟ್ಟಿದ್ದೇನೆ. ಕಪಾಟಿನಿಂದ ಕಪ್‌ಗೆ ಒಂದೇ ನೆಗೆತವೆಂಬಂತೆ ಹೇಳಿದರೆ ಕಥೆ ಸೊಗಸಾಗಿ ಕೇಳಿಸುತ್ತದೆ. ಆದರೆ ಆ ಐದು ವರ್ಷಗಳನ್ನು ಬಿಟ್ಟರೆ ಉಳಿಯುವುದು ಪವಾಡ ಮಾತ್ರ, ಆಟವಲ್ಲ.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಎನ್ನುತ್ತಾರೆ. 1994ರ ಡ್ರಾಫ್ಟ್‌ನ ಏಳು ಸುತ್ತುಗಳಲ್ಲಿ ತಂಡಗಳು 222 ಆಟಗಾರರನ್ನು ಆರಿಸಿಕೊಂಡವು. ವಾರ್ನರ್ ಅವರ ಹೆಸರನ್ನು ಯಾರೂ ಕರೆಯಲಿಲ್ಲ. ತಂಡಗಳನ್ನು ತೀರಾ ದೂರುವಂತೆಯೂ ಇಲ್ಲ, ಏಕೆಂದರೆ ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯದಲ್ಲಿ ಅವರಿಗೆ ಮೊದಲ ಕ್ವಾರ್ಟರ್‌ಬ್ಯಾಕ್ (ಚೆಂಡನ್ನು ಎಸೆದು ಆಕ್ರಮಣ ನಡೆಸುವ ಆಟಗಾರ) ಆಗುವ ಅವಕಾಶ ದೊರೆತದ್ದೇ ಕೊನೆಯ ವರ್ಷದಲ್ಲಿ, ಹೀಗಾಗಿ ನೋಡಿ ತೂಗುವುದಕ್ಕೆ ಹೆಚ್ಚು ಆಟವೇ ಇರಲಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ತಂಡ ಅವರನ್ನು ತರಬೇತಿ ಶಿಬಿರಕ್ಕೆ ಕರೆಯಿತಾದರೂ ಅಲ್ಲಿ ಬ್ರೆಟ್ ಫಾರ್ವ್, ಮಾರ್ಕ್ ಬ್ರೂನೆಲ್ ಮತ್ತು ಟೈ ಡೆಟ್ಮರ್ ಎಂಬ ಮೂವರು ಕ್ವಾರ್ಟರ್‌ಬ್ಯಾಕ್‌ಗಳು ಆಗಲೇ ಇದ್ದರು. ನಾಲ್ಕನೆಯವರಿಗೆ ಜಾಗವಿರಲಿಲ್ಲ. ದಿನಸಿ ಮಳಿಗೆಯ ಕೆಲಸ ಬಂದದ್ದು ಇದರ ನಂತರ.

ನನ್ನ ಮಟ್ಟಿಗೆ ಕಥೆಯ ತಿರುಳು ಇರುವುದು ಮಳಿಗೆಯಲ್ಲಲ್ಲ, 1995ರಿಂದ 1997ರವರೆಗೆ ಅವರು ಆಡಿದ ಅರೀನಾ ಫುಟ್‌ಬಾಲ್‌ನಲ್ಲಿ. ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಎಂಬ ತಂಡ, ಸೂರಿನಡಿಯ ಐವತ್ತು ಗಜದ ಅಂಗಣ, ಹನ್ನೊಂದರ ಬದಲು ಎಂಟು ಆಟಗಾರರು, ಅಂಚುಗಳಲ್ಲಿ ಮೆತ್ತೆ ಹೊದಿಸಿದ ಗೋಡೆಗಳು. ಇದನ್ನು ಹಲವರು ಮೋಜಿನ ಆಟವೆಂದು ನಗುತ್ತಿದ್ದರು. ಆದರೆ ಅಷ್ಟು ಇಕ್ಕಟ್ಟಾದ ಜಾಗದಲ್ಲಿ ಎದುರಾಳಿ ಮೈಮೇಲೆ ಬೀಳುವ ಮೊದಲು ಚೆಂಡನ್ನು ಕೈಯಿಂದ ಬಿಡಲೇಬೇಕು, ಯಾರು ಎಲ್ಲಿಗೆ ಓಡುತ್ತಾರೆಂಬುದನ್ನು ಕಂಡ ಮೇಲೆ ತೀರ್ಮಾನಿಸುವಷ್ಟು ಸಮಯವಿರುವುದಿಲ್ಲವಾದ್ದರಿಂದ ಕಾಣುವ ಮೊದಲೇ ಊಹಿಸಿ ಎಸೆಯಬೇಕು. ಮುಂದೆ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡದಲ್ಲಿ ಕೋಚ್ ಮೈಕ್ ಮಾರ್ಟ್ಜ್ ರೂಪಿಸಿದ ಆಕ್ರಮಣದ ಆಟ ಕ್ವಾರ್ಟರ್‌ಬ್ಯಾಕ್‌ನಿಂದ ಬೇಡಿದ್ದೂ ಬಹುಪಾಲು ಇದನ್ನೇ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಲೀಗೊಂದು ಒಬ್ಬ ಆಟಗಾರನನ್ನು ಮೂರು ವರ್ಷ ತಿದ್ದಿ ತೀಡಿತ್ತು.

ಹಾಗೆಂದು ರ‍್ಯಾಮ್ಸ್ ಅವರನ್ನು ಗುರುತಿಸಿ ಎತ್ತಿಕೊಂಡಿತು ಎನ್ನುವಂತೆಯೂ ಇಲ್ಲ. 1998ರಲ್ಲಿ ಸಹಿ ಹಾಕಿಸಿಕೊಂಡು ಮೊದಲು ಎನ್‌ಎಫ್‌ಎಲ್ ಯುರೋಪ್‌ನ ಆಮ್‌ಸ್ಟರ್‌ಡ್ಯಾಮ್ ಅಡ್ಮಿರಲ್ಸ್ ತಂಡಕ್ಕೆ ಕಳುಹಿಸಿತು. ಮರಳಿದ ಮೇಲೆ ಮೂರನೆಯ ಕ್ವಾರ್ಟರ್‌ಬ್ಯಾಕ್ ಆಗಿ ಕೂರಿಸಿತು. ಇಡೀ ಋತುವಿನಲ್ಲಿ ಅವರು ಎಸೆದದ್ದು ಹನ್ನೊಂದು ಪಾಸ್‌ಗಳು, ತಲುಪಿದ್ದು ನಾಲ್ಕು. ಮರುವರ್ಷ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಹೊಸದಾಗಿ ಲೀಗ್‌ಗೆ ಮರಳಿದಾಗ ಅದಕ್ಕೆ ಆಟಗಾರರನ್ನು ಒದಗಿಸಲು ನಡೆದ ವಿಶೇಷ ಡ್ರಾಫ್ಟ್‌ನಲ್ಲಿ ರ‍್ಯಾಮ್ಸ್ ‘ಬೇಕಾದರೆ ತೆಗೆದುಕೊಳ್ಳಿ’ ಎಂಬ ಪಟ್ಟಿಗೆ ವಾರ್ನರ್ ಅವರನ್ನು ಸೇರಿಸಿತು. ಬ್ರೌನ್ಸ್ ತೆಗೆದುಕೊಳ್ಳಲಿಲ್ಲ. ಅಂದರೆ ಅವರು ಸೇಂಟ್ ಲೂಯಿಸ್‌ನಲ್ಲಿ ಉಳಿದದ್ದೂ ಇನ್ನೊಂದು ತಂಡ ಬೇಡವೆಂದದ್ದರಿಂದ.

1999ರ ಆಗಸ್ಟ್‌ನ ಒಂದು ಪೂರ್ವಸಿದ್ಧತಾ ಪಂದ್ಯದಲ್ಲಿ ರ‍್ಯಾಮ್ಸ್‌ನ ಮೊದಲ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಅವರ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆ ಋತುವಿನಲ್ಲಿ ಅವರು ಮತ್ತೆ ಆಡುವಂತಿರಲಿಲ್ಲ. ಆಗ ಕೋಚ್ ಡಿಕ್ ವರ್ಮೀಲ್ ಕಣ್ಣೀರನ್ನು ತಡೆಹಿಡಿಯುತ್ತ, ಕರ್ಟ್ ವಾರ್ನರ್ ಬೆನ್ನಿಗೆ ತಂಡವೆಲ್ಲ ನಿಲ್ಲುತ್ತದೆ, ಒಳ್ಳೆಯ ಆಟ ಆಡುತ್ತೇವೆ ಎಂದರು. ಹಿಂದಿನ ವರ್ಷ ನಾಲ್ಕು ಗೆದ್ದು ಹನ್ನೆರಡು ಸೋತಿದ್ದ ತಂಡ ಆ ವರ್ಷ ಹದಿಮೂರು ಗೆದ್ದು ಮೂರು ಸೋತಿತು. ವಾರ್ನರ್ 4,353 ಗಜಗಳ ಎಸೆತ, 41 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆಯಾಚೆ ಮುಟ್ಟಿಸಿ ಅಂಕ ಗಳಿಸುವುದು) ಪಾಸ್‌ಗಳೊಂದಿಗೆ ಲೀಗ್‌ನ ಅತ್ಯಮೂಲ್ಯ ಆಟಗಾರರೆನಿಸಿದರು. ಟೆನೆಸಿ ಟೈಟನ್ಸ್ ವಿರುದ್ಧದ ಸೂಪರ್ ಬೌಲ್‌ನಲ್ಲಿ 414 ಗಜ ಎಸೆದು 23-16ರಿಂದ ಗೆಲ್ಲಿಸಿದರು. ಈ ಅಂಕಿಗಳನ್ನು ಓದುವಾಗಲೆಲ್ಲ ನನಗೆ ಟ್ರೆಂಟ್ ಗ್ರೀನ್ ನೆನಪಾಗುತ್ತಾರೆ. ಅವರ ಮೊಣಕಾಲು ಗಟ್ಟಿಯಾಗಿ ನಿಂತಿದ್ದರೆ, ಇಷ್ಟೇ ಕೈಚಳಕವಿದ್ದ ವಾರ್ನರ್ ಬೆಂಚಿನ ಮೇಲೆ ಕುಳಿತೇ ಇರುತ್ತಿದ್ದರು.

ಇದು ಒಬ್ಬರ ಕಥೆಯಾಗಿದ್ದರೆ ಕಾಕತಾಳೀಯವೆಂದು ಬಿಡಬಹುದಿತ್ತು. ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸ್ ಅವರನ್ನು 1955ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಒಂಬತ್ತನೆಯ ಸುತ್ತಿನಲ್ಲಿ ಆರಿಸಿಕೊಂಡು, ಋತು ಆರಂಭವಾಗುವ ಮುನ್ನವೇ ಹೊರಗೆ ಕಳುಹಿಸಿತು. ಅವರು ಕಟ್ಟಡ ಕೆಲಸ ಮಾಡುತ್ತ, ಬ್ಲೂಮ್‌ಫೀಲ್ಡ್ ರ‍್ಯಾಮ್ಸ್ ಎಂಬ ಸ್ಥಳೀಯ ತಂಡಕ್ಕೆ ಪಂದ್ಯವೊಂದಕ್ಕೆ ಕೆಲವೇ ಡಾಲರ್‌ಗಳಿಗೆ ಆಡಿದರು. 1956ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ಸೇರಿದರು, ಅಲ್ಲಿನ ಮೊದಲ ಕ್ವಾರ್ಟರ್‌ಬ್ಯಾಕ್ ಜಾರ್ಜ್ ಶಾ ಅವರ ಕಾಲಿಗೆ ಪೆಟ್ಟಾದಾಗ ಅಂಗಣಕ್ಕಿಳಿದರು. ಅಂದು ಅವರು ಎಸೆದ ಮೊದಲ ಪಾಸನ್ನೇ ಶಿಕಾಗೋ ಬೇರ್ಸ್‌ನವರು ಹಿಡಿದು ಟಚ್‌ಡೌನ್ ಮಾಡಿಬಿಟ್ಟರು. ಅದೇ ಕೈ ಆ ವರ್ಷವೇ ಆರಂಭಿಸಿದ ಸರಣಿಯೊಂದು ಸತತ 47 ಪಂದ್ಯಗಳಲ್ಲಿ ಟಚ್‌ಡೌನ್ ಪಾಸ್ ಎಂಬ ದಾಖಲೆಯಾಗಿ ಬೆಳೆದು 2012ರವರೆಗೆ ನಿಂತಿತು. 2001ರ ಸೆಪ್ಟೆಂಬರ್ 23ರಂದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಡ್ರೂ ಬ್ಲೆಡ್ಸೋ ಅವರಿಗೆ ಎದುರಾಳಿ ಮೋ ಲೂಯಿಸ್ ಕೊಟ್ಟ ಡಿಕ್ಕಿಯಿಂದ ಗಾಯವಾಗಿ, ಅವರ ಜಾಗಕ್ಕೆ ಬದಲಿ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಬಂದ ಕಥೆ ಈ ಆಟ ಬಲ್ಲವರಿಗೆಲ್ಲ ಗೊತ್ತಿರುವುದರಿಂದ ಅದನ್ನಿಲ್ಲಿ ವಿಸ್ತರಿಸುವುದಿಲ್ಲ. ಬ್ರೇಡಿ 2000ದ ಡ್ರಾಫ್ಟ್‌ನ 199ನೆಯ ಆಯ್ಕೆ. ಮೊದಲ ಎರಡು ಸೂಪರ್ ಬೌಲ್‌ಗಳನ್ನು ಗೆದ್ದ ಬಾರ್ಟ್ ಸ್ಟಾರ್ 1956ರಲ್ಲಿ 200ನೆಯ ಆಯ್ಕೆಯಾಗಿದ್ದರು ಎಂಬುದನ್ನು ಮಾತ್ರ ಪಕ್ಕದಲ್ಲಿಟ್ಟು ನೋಡಿದರೆ ಮಜವೆನಿಸುತ್ತದೆ.

ಎಲ್ಲ ಕಡೆಗಣನೆಯೂ ಒಂದೇ ಬಗೆಯದಲ್ಲ. ವಾರ್ನರ್ ಆಡಿದ್ದನ್ನು ಯಾರೂ ಸರಿಯಾಗಿ ನೋಡಿರಲಿಲ್ಲ, ಆದರೆ ವಾರೆನ್ ಮೂನ್ ಆಡಿದ್ದನ್ನು ಎಲ್ಲರೂ ನೋಡಿದ್ದರು. 1978ರಲ್ಲಿ ಕಾಲೇಜು ತಂಡಗಳ ಹೆಸರಾಂತ ಪಂದ್ಯವಾದ ರೋಸ್ ಬೌಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಗೆಲ್ಲಿಸಿ ಪಂದ್ಯದ ಶ್ರೇಷ್ಠ ಆಟಗಾರರೆನಿಸಿದವರು ಅವರು. ಆದರೂ ಕಪ್ಪು ವರ್ಣದ ಕ್ವಾರ್ಟರ್‌ಬ್ಯಾಕ್‌ನನ್ನು ಬೇರೆ ಸ್ಥಾನದಲ್ಲಿ ಆಡಿಸುವುದೇ ಆಗಿನ ಎನ್‌ಎಫ್‌ಎಲ್‌ನ ರೂಢಿಯಾಗಿತ್ತು. ಸ್ಥಾನ ಬದಲಿಸಲು ಒಪ್ಪದ ಮೂನ್ ಡ್ರಾಫ್ಟ್‌ಗೂ ಮುನ್ನವೇ ಕೆನಡಾದ ಎಡ್ಮಂಟನ್ ತಂಡದೊಂದಿಗೆ ಒಪ್ಪಂದ ಮಾಡಿಕೊಂಡರು. ಆ ತಂಡ 1978ರಿಂದ 1982ರವರೆಗೆ ಸತತ ಐದು ಬಾರಿ ಕೆನಡಾ ಲೀಗ್‌ನ ಗ್ರೇ ಕಪ್ ಗೆದ್ದಿತು. 1984ರಲ್ಲಿ ಅವರನ್ನು ಕೊಳ್ಳಲು ಎನ್‌ಎಫ್‌ಎಲ್ ತಂಡಗಳೇ ಪೈಪೋಟಿಗಿಳಿದವು, ಅವರು ಹ್ಯೂಸ್ಟನ್ ಆಯಿಲರ್ಸ್ ಸೇರಿದರು. 2006ರಲ್ಲಿ ವೃತ್ತಿಪರ ಫುಟ್‌ಬಾಲ್‌ನ ದಿಗ್ಗಜರ ಪಟ್ಟಿಯಾದ ಹಾಲ್ ಆಫ್ ಫೇಮ್ ಪ್ರವೇಶಿಸಿದ ಮೊದಲ ಕಪ್ಪು ವರ್ಣದ ಕ್ವಾರ್ಟರ್‌ಬ್ಯಾಕ್ ಅವರೇ. ಇಲ್ಲಿ ಅಳತೆ ತಪ್ಪಿರಲಿಲ್ಲ, ಅಳೆಯುವವರ ಮನಸ್ಸೇ ಓರೆಯಾಗಿತ್ತು. ಆದ್ದರಿಂದ ಮೂನ್ ಅವರನ್ನು ‘ಯಾರ ಕಣ್ಣಿಗೂ ಬೀಳದ ಪ್ರತಿಭೆ’ಗಳ ಸಾಲಿಗೆ ಸೇರಿಸುವ ಬರಹಗಳನ್ನು ಕಂಡರೆ ನನಗೆ ಕಿರಿಕಿರಿಯಾಗುತ್ತದೆ.

ಗಾಯದ ಹಂಗಿಲ್ಲದೆ ಒಳಗೆ ಬಂದವರೂ ಇದ್ದಾರೆ. ‘ನೈಟ್ ಟ್ರೇನ್’ ಎಂದೇ ಹೆಸರಾದ ಡಿಕ್ ಲೇನ್ 1952ರಲ್ಲಿ ವಿಮಾನ ಕಾರ್ಖಾನೆಯ ಕೆಲಸದಿಂದ ಬೇಸತ್ತು, ತಮ್ಮ ಆಟದ ಸುದ್ದಿಗಳನ್ನು ಅಂಟಿಸಿದ್ದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಆಗ ಲಾಸ್ ಏಂಜಲೀಸ್‌ನಲ್ಲಿದ್ದ ರ‍್ಯಾಮ್ಸ್ ಕಚೇರಿಗೆ ನಡೆದರು. ಹನ್ನೆರಡು ಪಂದ್ಯಗಳ ಆ ಋತುವಿನಲ್ಲಿ ಎದುರಾಳಿಗಳ 14 ಪಾಸ್‌ಗಳನ್ನು ಅವರು ಹಿಡಿದರು. ಋತು ಈಗ ಹದಿನೇಳು ಪಂದ್ಯಗಳಿಗೆ ಹಿಗ್ಗಿದೆ, ದಾಖಲೆ ಮಾತ್ರ ಅಲ್ಲೇ ಇದೆ.

ವಾರ್ನರ್ ಅವರ ಮುಂದಿನ ಎರಡು ಸೂಪರ್ ಬೌಲ್‌ಗಳು ಈ ಕಥೆಗೆ ವಿಚಿತ್ರ ತಿರುವು ಕೊಟ್ಟವು. 2002ರ ಫೆಬ್ರವರಿಯಲ್ಲಿ, ಎರಡನೆಯ ಬಾರಿ ಲೀಗ್‌ನ ಅತ್ಯಮೂಲ್ಯ ಆಟಗಾರರೆನಿಸಿದ್ದ ಅವರ ತಂಡವನ್ನು 20-17ರಿಂದ ಸೋಲಿಸಿದ್ದು 199ನೆಯ ಆಯ್ಕೆಯ ಬ್ರೇಡಿ. ಆ ಪಂದ್ಯ ಗೆಲ್ಲಿಸಿದ ಕೊನೆಯ ಒದೆತ ಆಡಮ್ ವಿನಟೇರಿ ಅವರದ್ದು, ಅವರೂ ಡ್ರಾಫ್ಟ್‌ನಲ್ಲಿ ಆಯ್ಕೆಯಾಗದೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಡಿ ಬಂದವರು. 2009ರ ಫೆಬ್ರವರಿ 1ರಂದು ಟ್ಯಾಂಪಾದಲ್ಲಿ, ಆಗ ಅರಿಜೋನಾ ಕಾರ್ಡಿನಲ್ಸ್‌ನಲ್ಲಿದ್ದ ವಾರ್ನರ್ ಎದುರು ಸ್ಟೀಲರ್ಸ್‌ನ ರಕ್ಷಣಾ ಆಟಗಾರ ಜೇಮ್ಸ್ ಹ್ಯಾರಿಸನ್ ಇದ್ದರು. ಹ್ಯಾರಿಸನ್ ಕೂಡ ಡ್ರಾಫ್ಟ್ ಆಗದವರು. ಸ್ಟೀಲರ್ಸ್‌ನಿಂದಲೇ ಹಲವು ಬಾರಿ ಹೊರಬಿದ್ದು, ಯುರೋಪ್‌ಗೆ ಹೋಗಿ ಬಂದು, 2004ರಲ್ಲಿ ತಂಡದ ಆಟಗಾರ ಕ್ಲಾರ್ಕ್ ಹ್ಯಾಗನ್ಸ್ ತೂಕ ಎತ್ತುವಾಗ ಕೈ ಮುರಿದುಕೊಂಡದ್ದರಿಂದ ಮರಳಿ ಕರೆಸಿಕೊಳ್ಳಲ್ಪಟ್ಟವರು. ಮೊದಲರ್ಧ ಮುಗಿಯಲು ಕೆಲವೇ ಸೆಕೆಂಡುಗಳಿದ್ದಾಗ ಕಾರ್ಡಿನಲ್ಸ್ ಟಚ್‌ಡೌನ್ ಗೆರೆಯಿಂದ ಒಂದೇ ಗಜ ದೂರದಲ್ಲಿತ್ತು. ಹ್ಯಾರಿಸನ್ ಮುನ್ನುಗ್ಗುತ್ತಾರೆಂದು ಎಣಿಸಿ ವಾರ್ನರ್ ಚೆಂಡನ್ನು ಬೇಗನೆ ಬಿಟ್ಟರು, ಅರೀನಾದಲ್ಲಿ ಕಲಿತಂತೆಯೇ. ಹ್ಯಾರಿಸನ್ ನುಗ್ಗದೆ ಹಿಂದೆ ಸರಿದು ನಿಂತಿದ್ದರು. ಚೆಂಡು ನೇರವಾಗಿ ಅವರ ಕೈಸೇರಿತು, ಅವರು ಅಂಗಣದ ಉದ್ದಕ್ಕೂ 100 ಗಜ ಓಡಿ ಇನ್ನೊಂದು ತುದಿಯ ಗೆರೆಯಾಚೆ ಬಿದ್ದು, ಉಸಿರು ಸಿಗದೆ ಬಹಳ ಹೊತ್ತು ಅಲ್ಲೇ ಮಲಗಿದ್ದರು.