855ಎ ಫಾರಂ: ಅಮೆರಿಕದ ನರ್ಸಿಂಗ್ ಹೋಮಿನ ಮಾಲೀಕರು ಯಾರು ಯಾರು?

ನಮ್ಮೂರಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಆಸ್ಪತ್ರೆ. ಅಮೆರಿಕದಲ್ಲಿ ಅದು ದಿನವಿಡೀ ಆರೈಕೆ ಬೇಕಾದ ವೃದ್ಧರು, ಹಲವರು ವರ್ಷಗಟ್ಟಲೆ, ಇರುವ ಜಾಗ. ಅಲ್ಲಿನ ಅಜ್ಜಿಗೆ ಬೆನ್ನಹುಣ್ಣಾದಾಗ 'ಸಿಬ್ಬಂದಿ ಕಡಿಮೆ ಮಾಡಿದ್ದು ಯಾರು?' ಎಂದು ಮಗಳು ಕೇಳಿದರೆ, ಆ ಹೆಸರು ದಾಖಲೆಯಲ್ಲಿ ಸಿಗಬೇಕು. ಬೆಂಗಳೂರಿನಲ್ಲಿ ಕೂತು ಮೆಡಿಕೇರ್ (ಅಲ್ಲಿನ ವೃದ್ಧರ ಸರ್ಕಾರಿ ಆರೋಗ್ಯ ವಿಮೆ) ಎನ್‌ರೋಲ್‌ಮೆಂಟ್ ಮಾಡುವವರು, ಅಂದರೆ ಹೋಮನ್ನು ಆ ವಿಮೆಗೆ ನೋಂದಾಯಿಸುವವರು, ತುಂಬುವ 855ಎ ಫಾರಂ ಮಾಲೀಕರ ವಿವರ ಕೇಳುವುದೇ ಅದಕ್ಕೆ.

ಪೆಕೋಸ್ (ಈ ಫಾರಂ ತುಂಬುವ ಮೆಡಿಕೇರ್ ಆನ್‌ಲೈನ್ ವ್ಯವಸ್ಥೆ) ತೆರೆಯುವ ಮೊದಲು ಕಾಗದದ ಮೇಲೆ ಮಾಲೀಕತ್ವದ ನಕ್ಷೆ ಬರೆಯಿರಿ. ಲೈಸೆನ್ಸ್ ಇರುವ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಕೆಳಗೆ, ಅದರ ಪಾಲುದಾರರು ಮೇಲೆ, ಅವರ ಪಾಲುದಾರರು ಇನ್ನೂ ಮೇಲೆ. ಹೀಗೆ ಮನುಷ್ಯರ ಹೆಸರು ಸಿಗುವ ತನಕ ಹತ್ತುತ್ತಾ ಹೋಗಬೇಕು. ಪ್ರತಿ ಹಂತದಲ್ಲೂ ಪಾಲುಗಳ ಮೊತ್ತ 100% ಆಗದಿದ್ದರೆ ಯಾರೋ ಬಿಟ್ಟುಹೋಗಿದ್ದಾರೆ ಎಂದೇ ಅರ್ಥ.

ನೇರವಾಗಿಯೋ ಪರೋಕ್ಷವಾಗಿಯೋ 5% ಅಥವಾ ಹೆಚ್ಚು ಪಾಲಿದ್ದವರನ್ನೆಲ್ಲ ತೋರಿಸಬೇಕು. ಪರೋಕ್ಷ ಪಾಲು ಬರುವುದು ಗುಣಾಕಾರದಿಂದ. ಹೋಲ್ಡಿಂಗ್ ಕಂಪನಿಗೆ ಹೋಮಿನಲ್ಲಿ 60% ಪಾಲು, ಆ ಕಂಪನಿಯಲ್ಲಿ ಒಬ್ಬರಿಗೆ 12% ಪಾಲು ಇದ್ದರೆ 7.2% ಆಯಿತು, ಹೆಸರು ಬರೆಯಲೇಬೇಕು. 8% ಇದ್ದವರದು 4.8%, ಪಾಲಿನ ಲೆಕ್ಕದಲ್ಲಿ ಅವರು ಬರುವುದಿಲ್ಲ. ಆದರೆ ಅದೇ ವ್ಯಕ್ತಿ ಹೋಮಿನ ನಿರ್ದೇಶಕರೋ ಅಧಿಕಾರಿಯೋ ಆಗಿದ್ದರೆ, ಪಾಲು ಸೊನ್ನೆಯಿದ್ದರೂ ತೋರಿಸಬೇಕು. ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಫಾರಂನಲ್ಲಿ ನೇರ ಮತ್ತು ಪರೋಕ್ಷ ಪಾಲನ್ನು ಕೂಡಿಸಿ ನೋಡುತ್ತಾರೆ: 3% ನೇರ, 2.4% ಪರೋಕ್ಷ, ಒಟ್ಟು 5.4%. ಮಾಲೀಕರ ನಡುವಿನ ಸಂಬಂಧವನ್ನೂ (ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳು, ಒಡಹುಟ್ಟಿದವರು) ಅಲ್ಲಿ ಬರೆಯಬೇಕು.

ಹೆಚ್ಚು ಜನ ಎಡವುವುದು ಮಾಲೀಕರಲ್ಲದವರ ವಿಷಯದಲ್ಲಿ. 2010ರ ಅಫೋರ್ಡಬಲ್ ಕೇರ್ ಆ್ಯಕ್ಟ್ ಎಂಬ ಆರೋಗ್ಯ ಕಾಯ್ದೆ ಹೇಳಿದ್ದನ್ನು ಸಿಎಂಎಸ್ (ಮೆಡಿಕೇರ್, ಮೆಡಿಕೇಡ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಜಾರಿಗೆ ತಂದದ್ದು 2023ರ ನವೆಂಬರ್‌ನಲ್ಲಿ ಪ್ರಕಟಿಸಿದ ನಿಯಮದಿಂದ. ಅದರ ಪ್ರಕಾರ ಕಟ್ಟಡ ಬಾಡಿಗೆಗೆ ಕೊಟ್ಟವರು, ಆ ಆಸ್ತಿಯ ಮೌಲ್ಯದಲ್ಲಿ 5% ಅಥವಾ ಹೆಚ್ಚು ಪಾಲಿರುವವರು, ಮ್ಯಾನೇಜ್‌ಮೆಂಟ್ ಕಂಪನಿ, ಕ್ಲಿನಿಕಲ್ ಸಲಹೆಗಾರರು, ಲೆಕ್ಕಪತ್ರ ನೋಡುವವರು ಎಲ್ಲರೂ ಬರಬೇಕು, ಅವರವರ ಸಂಸ್ಥೆಯ ರಚನೆಯ ಸಮೇತ. ಎಲ್‌ಎಲ್‌ಸಿ ಆದರೆ ಸದಸ್ಯರು ಮತ್ತು ಮ್ಯಾನೇಜರುಗಳು. ಕಾರ್ಪೊರೇಷನ್ ಆದರೆ ನಿರ್ದೇಶಕರು, ಅಧಿಕಾರಿಗಳು, 5% ಅಥವಾ ಹೆಚ್ಚು ಪಾಲಿನ ಷೇರುದಾರರು. ಲಿಮಿಟೆಡ್ ಪಾರ್ಟ್‌ನರ್‌ಶಿಪ್ ಆದರೆ ಜನರಲ್ ಪಾರ್ಟ್‌ನರುಗಳ (ವ್ಯವಹಾರ ನಡೆಸುವವರು) ಜೊತೆ 10% ಅಥವಾ ಹೆಚ್ಚು ಪಾಲಿನ ಲಿಮಿಟೆಡ್ ಪಾರ್ಟ್‌ನರುಗಳು (ಹಣ ಮಾತ್ರ ಹಾಕಿದವರು). ಟ್ರಸ್ಟ್ ಆದರೆ ಟ್ರಸ್ಟಿಗಳು. ಪ್ರೈವೇಟ್ ಇಕ್ವಿಟಿ (ಕಂಪನಿಗಳನ್ನು ಕೊಳ್ಳುವ ಹೂಡಿಕೆ ಸಂಸ್ಥೆ), ರಿಯಲ್ ಎಸ್ಟೇಟ್ ಇನ್ವೆಸ್ಟ್‌ಮೆಂಟ್ ಟ್ರಸ್ಟ್ (ಕಟ್ಟಡಗಳಲ್ಲಿ ಹೂಡುವ ಸಂಸ್ಥೆ) ಇದ್ದರೆ ಅದನ್ನೂ ಗುರುತು ಹಾಕಬೇಕು. ಇದು ಅತಿಯಾಯಿತು ಎಂದು ಕ್ಲೈಂಟ್ ಗೊಣಗಬಹುದು. ನನಗಂತೂ ಇಡೀ ನಿಯಮದ ಜೀವವೇ ಇಲ್ಲಿದೆ: ಮಾಲೀಕರೇ ಬೇರೆ ಹೆಸರಿನಲ್ಲಿ ಕಟ್ಟಡ ಇಟ್ಟುಕೊಂಡು, ತಮ್ಮ ಹೋಮಿನಿಂದಲೇ ತಮಗೆ ಹೆಚ್ಚು ಬಾಡಿಗೆ ಎಳೆದರೆ, ದಾದಿಯರ ಸಂಬಳಕ್ಕೆ ಉಳಿಯುವುದು ಅಷ್ಟೇ ಕಡಿಮೆ. ಹಾಗಾಗಿ ಲೀಸ್ ಪತ್ರ ಮತ್ತು ಮ್ಯಾನೇಜ್‌ಮೆಂಟ್ ಒಪ್ಪಂದವನ್ನು ಕೇಳಿ ಪಡೆದು, ಸಹಿ ಹಾಕಿದ ಪುಟವನ್ನು ನೀವೇ ಓದಿ.

ಅಡಮಾನವನ್ನೂ ಮರೆಯಬೇಡಿ. ಹೋಮಿನ ಆಸ್ತಿಯ ಮೇಲಿನ ಸಾಲದಲ್ಲಿ ಬ್ಯಾಂಕಿನ ಪಾಲನ್ನು ಒಟ್ಟು ಆಸ್ತಿ ಮೌಲ್ಯದಿಂದ ಭಾಗಿಸಿದಾಗ 5% ಮುಟ್ಟಿದರೆ ಬ್ಯಾಂಕಿನ ಹೆಸರೂ ಬರುತ್ತದೆ.

ಮಾಲೀಕತ್ವ ಅಥವಾ ನಿಯಂತ್ರಣ ಬದಲಾದರೆ ಮೆಡಿಕೇರ್‌ಗೆ 30 ದಿನ, ಮೆಡಿಕೇಡ್‌ಗೆ 35 ದಿನದೊಳಗೆ ತಿಳಿಸಬೇಕು. ರಾಜ್ಯದ ಲೈಸೆನ್ಸಿನ ನಿಯಮ ಬೇರೆಯೇ. ತಿಳಿಸದಿದ್ದರೆ ಬಿಲ್ ಮಾಡುವ ಹಕ್ಕೇ ಹೋಗಬಹುದು. ಹೊಸದಾಗಿ ಸೇರುವಾಗ 5% ಅಥವಾ ಹೆಚ್ಚು ಪಾಲಿನ ಮಾಲೀಕರ ಬೆರಳಚ್ಚನ್ನೂ ಕೇಳುತ್ತಾರೆ, ಕೇಳಿದ ಮೇಲೆ ಅದಕ್ಕೆ 30 ದಿನ.

ಕಂಪನಿಯ ಹೆಸರನ್ನು ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಪತ್ರದಲ್ಲಿ ಇರುವಂತೆಯೇ ಟೈಪ್ ಮಾಡಿ. ತಿದ್ದುಪಡಿ ಕೇಳಿ ಕಾಂಟ್ರ್ಯಾಕ್ಟರ್ (ಮೆಡಿಕೇರ್ ಪರವಾಗಿ ಅರ್ಜಿ ಪರಿಶೀಲಿಸುವ ಕಂಪನಿ) ಬರೆದ ಇಮೇಲ್‌ಗೆ 30 ದಿನದಲ್ಲಿ ಉತ್ತರ ಹೋಗದಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಹಾಗಾಗಿ ನೀವು ದಿನಾ ನೋಡುವ ಇಮೇಲ್ ವಿಳಾಸವನ್ನೇ ಕೊಡಿ. ಮಂಜೂರಾದ ಮೇಲೆ ಮೆಡಿಕೇರ್‌ನ ಕೇರ್ ಕಂಪೇರ್ ಎಂಬ ಸಾರ್ವಜನಿಕ ತಾಣದಲ್ಲಿ ಆ ಹೋಮಿನ ಪುಟ ತೆರೆದು, ಅಲ್ಲಿ ಕಾಣುವ ಮಾಲೀಕರ ಹೆಸರನ್ನು ನಿಮ್ಮ ನಕ್ಷೆಯ ಜೊತೆ ಒಂದೊಂದಾಗಿ ತಾಳೆ ನೋಡಿ.