ಕೊಡಾಕ್ ಊರಲ್ಲಿ ಕ್ಯಾಮೆರಾ ಕ್ಲಾಸು

ಅಮೆರಿಕದ ರಾಚೆಸ್ಟರ್‌ನಲ್ಲಿ ಡಿಸೆಂಬರ್ ಬಂತು ಅಂದ್ರೆ ನಾಲ್ಕೂವರೆಗೆಲ್ಲಾ ಕತ್ತಲಾಗ್ಬಿಡತ್ತೆ, ಸಂಜೆ ಪೂರ್ತಿ ಮನೇಲೇ ಕೂತಿದ್ರೆ ಮಂಕು ಹಿಡಿಯತ್ತೆ, ಅದಕ್ಕೇ ಈ ಸಲ ಇಲ್ಲೇ ಹತ್ರದ ಶಾಲೇಲಿ ದೊಡ್ಡೋರಿಗೆ ಅಂತ ನಡೆಸೋ ಡಿಜಿಟಲ್ ಕ್ಯಾಮೆರಾ ಕ್ಲಾಸಿಗೆ ಸೇರ್ಕೊಂಡೆ. ಈ ಊರಲ್ಲಿ ಫೋಟೋಗ್ರಫಿ ಕಲಿಯೋದಕ್ಕೆ ಒಂದು ತೂಕ ಇದೆ ರೀ. ಜಾರ್ಜ್ ಈಸ್ಟ್‌ಮನ್ ಕ್ಯಾಮೆರಾ, ಫಿಲಂ ಮಾಡೋ ಕೊಡಾಕ್ ಕಂಪನಿ ಕಟ್ಟಿದ್ದು ಇಲ್ಲೇ. 1980ರ ದಶಕದ ಶುರುವಿನಲ್ಲಿ ಊರಲ್ಲಿ 60 ಸಾವಿರಕ್ಕೂ ಹೆಚ್ಚು ಜನಕ್ಕೆ ಅಲ್ಲೇ ಕೆಲಸ ಇತ್ತು. ನಮಗೆ ಪಾಠ ಮಾಡೋರೂ ಅಲ್ಲಿ ದುಡಿದು ರಿಟೈರ್ ಆದೋರೇ.

ಅವರು ಹೇಳಿದ್ ಒಂದು ವಿಷಯ ಕೇಳಿ ನಂಗೆ ಹೊಟ್ಟೆ ಚುರ್ ಅಂತು. ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದೂ ಇದೇ ಕಂಪನಿಯ ಇಂಜಿನಿಯರು, ಸ್ಟೀವ್ ಸ್ಯಾಸನ್ ಅಂತ, 1975ರಲ್ಲಿ. ಮೂರೂವರೆ ಕೆಜಿಗೂ ಜಾಸ್ತಿ ತೂಕ, 0.01 ಮೆಗಾಪಿಕ್ಸೆಲ್ (ಚಿತ್ರಕ್ಕೆ ಬರೀ ಹತ್ತು ಸಾವಿರ ಚುಕ್ಕಿ), ಬರೀ ಕಪ್ಪುಬಿಳುಪು, ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯೋಕೆ 23 ಸೆಕೆಂಡು. ಮಾರನೇ ವರ್ಷ ಅಲ್ಲೇ ಕೆಲಸ ಮಾಡ್ತಿದ್ದ ಬ್ರೈಸ್ ಬೇಯರ್ ಅನ್ನೋರ ಬಣ್ಣದ ಫಿಲ್ಟರಿಗೆ ಪೇಟೆಂಟ್ ಸಿಕ್ತು, ಇವತ್ತು ನಿಮ್ಮ ಫೋನ್ ಕ್ಯಾಮೆರಾದಲ್ಲೂ ಹೆಚ್ಚುಕಮ್ಮಿ ಅದೇ ಉಪಾಯ ಇರೋದು, ಬೆಳಕು ಹಿಡಿಯೋ ಚುಕ್ಕಿಗಳಲ್ಲಿ ಅರ್ಧದ ಮೇಲೆ ಹಸಿರು ಫಿಲ್ಟರ್, ಕಾಲು ಭಾಗಕ್ಕೆ ಕೆಂಪು, ಕಾಲು ಭಾಗಕ್ಕೆ ನೀಲಿ. ಇಷ್ಟೆಲ್ಲಾ ಕೈಯಲ್ಲಿದ್ದೂ ಫಿಲಂ ವ್ಯಾಪಾರವನ್ನೇ ನೆಚ್ಕೊಂಡಿದ್ದ ಕಂಪನಿ 2012ರ ಜನವರಿಲಿ ದಿವಾಳಿ ಅರ್ಜಿ ಹಾಕ್ತು. ಆಮೇಲೆ ಚೇತರಿಸ್ಕೊಂಡು ಫಿಲಂ ಇನ್ನೂ ಇಲ್ಲೇ ಮಾಡ್ತಾರೆ, ಆದ್ರೆ ಆ ದೊಡ್ಡ ಕಾಲ ಮುಗೀತು.

ಸರಿ, ಪಾಠಕ್ಕೆ ಬರ್ತೀನಿ. ಅಪರ್ಚರ್, ಶಟರ್, ಐಎಸ್ಓ, ಫೋಟೋ ಎಷ್ಟು ಬೆಳ್ಳಗೆ ಬರಬೇಕು ಅಂತ ತೀರ್ಮಾನಿಸೋ ಈ ಮೂರನ್ನ ಎಲ್ಲ ಕಡೆನೂ ಹೇಳ್ಕೊಡ್ತಾರೆ, ನೀವು ಎಲ್ಲಿ ಬೇಕಾದ್ರೂ ಓದ್ಬಹುದು. ನಂಗೆ ನಿಜವಾಗ್ಲೂ ಕಣ್ಣು ತೆರೆಸಿದ್ದು ಬೆಳಕು ಅಳೆಯೋ ಮೀಟರ್. ಕ್ಯಾಮೆರಾ ಒಳಗಿರೋ ಮೀಟರಿಗೆ ಎದುರಿಗಿರೋದು ಹಿಮಾನೋ ಇದ್ದಿಲೋ ಗೊತ್ತಾಗಲ್ಲ, ಎಲ್ಲಾನೂ ಸೇರಿಸಿದ್ರೆ ಒಂದು ನಡುಮಧ್ಯದ ಬೂದು ಬಣ್ಣ ಬರಬೇಕು ಅನ್ನೋದಷ್ಟೇ ಅದರ ಲೆಕ್ಕ. ಹಾಗಾಗಿ ಹೊರಗಡೆ ಬೆಳ್ಳಗೆ ಹಿಮ ಬಿದ್ದಿದ್ರೆ ಆಟೋದಲ್ಲಿ ತೆಗೆದ ಫೋಟೋ ಕೊಳಕು ಬೂದಾಗಿ ಬರತ್ತೆ. ಪ್ಲಸ್ ಮೈನಸ್ ಗುರುತಿನ ಬಟನ್ ಇರತ್ತಲ್ಲ, ಅದನ್ನ ಪ್ಲಸ್ ಒಂದೂವರೆ ಹತ್ರ ಇಟ್ರೆ ಹಿಮ ಹಿಮದ ಥರಾನೇ ಕಾಣತ್ತೆ.

ಈಗ ಆ ಹಿಮದ ಮುಂದೆ ನಮ್ಮಂಥ ಕಂದು ಮುಖದೋರು ನಿಂತ್ರೆ? ಬಿಳಿ ಜಾಸ್ತಿ ಇದೆ ಅಂತ ಕ್ಯಾಮೆರಾ ಬೆಳಕು ಕಮ್ಮಿ ಮಾಡತ್ತೆ, ಮುಖ ಕತ್ತಲಾಗತ್ತೆ, ಕಣ್ಣೇ ಕಾಣಲ್ಲ. ಕ್ಲಾಸಲ್ಲಿ ಇದೇ ಮಾತಿನ ಮೇಲೆ ಶರ್ಲಿ ಕಾರ್ಡ್ ಬಗ್ಗೆ ಬಂತು. ಫಿಲಂ ಕಾಲದಲ್ಲಿ ಲ್ಯಾಬಿನೋರು ಪ್ರಿಂಟಿನ ಬಣ್ಣ ಸರಿ ಇದ್ಯಾ ಅಂತ ಹೋಲಿಸಿ ನೋಡ್ತಿದ್ದಿದ್ದು ಕೊಡಾಕ್ ಕಳಿಸ್ತಿದ್ದ ಒಬ್ಬ ಬಿಳಿ ಹೆಂಗಸಿನ ಫೋಟೋ ಜೊತೆ. ಅವಳ ಚರ್ಮ ಚೆನ್ನಾಗಿ ಬಂದ್ರೆ ಎಲ್ಲಾರದ್ದೂ ಸರಿ ಅಂತ! ಬೇರೆಬೇರೆ ಮೈಬಣ್ಣದೋರು ಇರೋ ಕಾರ್ಡ್ ಕೊಡಾಕ್ ಮಾಡಿದ್ದು 1990ರ ದಶಕದಲ್ಲಿ. ನಂಗೆ ಇದು ಸಣ್ಣ ವಿಷಯ ಅಂತ ಅನ್ನಿಸಲೇ ಇಲ್ಲ. ಫೋಟೋ ಕಪ್ಪಗೆ ಬಂತು ಅಂತ ಎಷ್ಟು ಹೆಣ್ಮಕ್ಕಳು ಸ್ಟುಡಿಯೋದಲ್ಲಿ ಮುಖದ ತುಂಬಾ ಪೌಡರ್ ಬಳ್ಕೊಂಡು ಕೂತಿಲ್ಲ ಹೇಳಿ. ಬೆಳಕು ಮುಖಕ್ಕೆ ಸರಿಯಾಗಿ ಅಳೆದ್ರೆ ನಮ್ಮ ಬಣ್ಣ ಎಷ್ಟು ಚೆಂದ ಬರತ್ತೆ ಗೊತ್ತಾ, ಒಂದು ಸಣ್ಣ ಜಾಗದ ಬೆಳಕನ್ನ ಮಾತ್ರ ಅಳೆಯೋ ಸ್ಪಾಟ್ ಮೀಟರ್ ಅಂತ ಇರತ್ತೆ, ಅದನ್ನ ಕೆನ್ನೆ ಮೇಲಿಟ್ಟು ನೋಡ್ಕೊಂಡು ತೆಗೀಬೇಕು.

ಚಳಿ ದೇಶಗಳಲ್ಲಿ ಇರೋರಿಗೆ ಇನ್ನೊಂದು ಮಾತು. ಈ ಥಂಡೀಲಿ ಬ್ಯಾಟರಿ ಬೇಗ ಇಳಿಯತ್ತೆ, ಇನ್ನೊಂದನ್ನ ಒಳಗಿನ ಜೇಬಲ್ಲಿ ಮೈಗೆ ಹತ್ತಿರ ಬೆಚ್ಚಗಿಟ್ಕೊಳ್ಳಿ. ವಾಪಸ್ ಮನೆ ಒಳಗೆ ಬರೋ ಮುಂಚೇನೇ ಕ್ಯಾಮೆರಾನ ಜಿಪ್ ಕವರಿಗೆ ಹಾಕಿ ಮುಚ್ಚಿ, ಇಲ್ಲಾಂದ್ರೆ ಬೆಚ್ಚನೆ ಗಾಳಿ ತಾಗಿ ಲೆನ್ಸ್ ಮೇಲೆಲ್ಲಾ ನೀರು ಕೂರತ್ತೆ.

ಅಲ್ಲಿ ನಮ್ಮ ಕನ್ನಡ ನಾಡಲ್ಲಿರೋರೇ, ನಿಮಗೆ ಹಿಮ ಬೇಕಾಗಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಬಿಳಿ ಪಂಚೆ ಉಟ್ಟಿರೋ ತಾತನ್ನ ತೆಗೀರಿ, ಆಮೇಲೆ ಫ್ರೇಮ್ ತುಂಬಾ ಬರೋ ಹಾಗೆ ಎಮ್ಮೇನೂ ತೆಗೀರಿ. ಪಂಚೆ ಮಂಕಾಗಿ ಬಂದ್ರೆ ಪ್ಲಸ್ ಮಾಡಿ, ಎಮ್ಮೆ ಬೂದಾಗಿ ಬಂದ್ರೆ ಮೈನಸ್ ಮಾಡಿ. ಫೋನಲ್ಲಾದ್ರೆ ಪರದೆ ಮೇಲೆ ಮುಟ್ಟಿದ್ರೆ ಬಹಳಷ್ಟು ಫೋನುಗಳಲ್ಲಿ ಸೂರ್ಯನ ಗುರುತು ಬರತ್ತೆ, ಅದನ್ನ ಮೇಲೆ ಕೆಳಗೆ ಎಳೆದ್ರೆ ಆಯ್ತು. ತೆಗೆದ ಮೇಲೆ ನಂಗೂ ಕಳಿಸಿ, ಇಲ್ಲಿ ಕ್ಲಾಸಲ್ಲಿ ಎಲ್ಲಾರಿಗೂ ತೋರಿಸ್ತೀನಿ, ಎಮ್ಮೆ ಫೋಟೋನ ಅಂತೂ ಮೊದಲು ಮೇಷ್ಟ್ರಿಗೇ ತೋರಿಸ್ತೀನಿ.